ಮೀನಿನ ಕೊಳಕ್ಕೆ ಯುವಿ ಲೈಟ್: ಸವಳು ನೀರಿನ ಊರಲ್ಲಿ ಯಾವುದನ್ನು ಆರಿಸಬೇಕು?

ಫೆಬ್ರುವರಿ ಮುಗಿದು ಬಿಸಿಲು ಏರುತ್ತಿದ್ದಂತೆ, ಅಂಗಳದಲ್ಲಿ ಮೀನು ಸಾಕಿದವರೆಲ್ಲ ಒಂದೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ನೀರು ಹಸಿರಾಗಿದೆ, ಮೀನು ಕಾಣುತ್ತಲೇ ಇಲ್ಲ, ಯುವಿ (ನೇರಳಾತೀತ) ಲೈಟ್ ಹಾಕಿದರೆ ತಿಳಿಯಾಗುತ್ತದಂತೆ, ಯಾವುದು ತರೋಣ? ವಿಜಯಪುರದವರು ಕೇಳುತ್ತಾರೆ, ಬಾಗಲಕೋಟೆ ನವನಗರದವರು ಕೇಳುತ್ತಾರೆ, ಬೆಳಗಾವಿ ಟಿಳಕವಾಡಿಯವರೂ ಕೇಳುತ್ತಾರೆ. ಅಂಗಡಿಗೆ ಹೋದರೆ ಒಬ್ಬರು ನೀರಲ್ಲಿ ಮುಳುಗಿಸುವ ಪುಟ್ಟ ಲೈಟ್ ತೋರಿಸುತ್ತಾರೆ. ಇನ್ನೊಬ್ಬರು ಹೊರಗೆ ಕೂರಿಸುವ ಉದ್ದನೆಯ ಕೊಳವೆ ತೋರಿಸುತ್ತಾರೆ. ಮತ್ತೊಬ್ಬರು ಲೈಟ್ ಒಳಗೇ ಇರುವ ದೊಡ್ಡ ಫಿಲ್ಟರ್ ಮುಂದಿಡುತ್ತಾರೆ. ಬೆಲೆ ಒಂದೂವರೆ ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಹೋಗುತ್ತದೆ. ತಲೆ ಕೆಡುವುದು ಸಹಜ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಯುವಿ ಲೈಟ್ ಆರಿಸುವಾಗ ಎಲ್ಲರೂ ವ್ಯಾಟ್ ನೋಡುತ್ತಾರೆ. ಅದು ಬೇಕು, ಸರಿ. ಆದರೆ ಅದಕ್ಕಿಂತ ಮುಖ್ಯವಾದದ್ದು ಆ ಲೈಟನ್ನು ಎಷ್ಟು ಸುಲಭವಾಗಿ ಬಿಚ್ಚಿ, ಒಳಗಿನ ಗಾಜು ಒರೆಸಿ, ಮತ್ತೆ ಕೂರಿಸಬಹುದು ಅನ್ನೋದು. ಕಾರಣ ನಮ್ಮ ಬೋರಿನ ನೀರು.

ಮೊದಲು ಒಂದು ಲೋಟ ನೀರು ತೆಗೆದಿಡಿ

ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ. ಕೊಳದ ನಡುವಿನಿಂದ ಒಂದು ಗಾಜಿನ ಲೋಟ ನೀರು ತೆಗೆದು, ಅಲುಗಾಡದ ಕಡೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕಂದು ಕೆಸರು ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಮಣ್ಣು. ಎರೆಮಣ್ಣಿನ ಊರು, ಗಾಳಿ ಎದ್ದರೆ ದೂಳು, ಮಳೆ ಬಂದರೆ ಅಂಗಳದ ನೀರೆಲ್ಲ ಕೊಳಕ್ಕೆ. ಇದಕ್ಕೆ ಯುವಿ ಏನೂ ಮಾಡುವುದಿಲ್ಲ. ಕಟ್ಟೆ ಎತ್ತರ ಮಾಡಿ, ಸ್ಪಂಜಿನ ಫಿಲ್ಟರ್ ಹಾಕಿ, ಮುಗಿಯಿತು. ನೀರು ಚಹಾ ಬಣ್ಣದಲ್ಲಿದ್ದರೆ ಎಲೆ ಕೊಳೆತ ಬಣ್ಣ. ಅದಕ್ಕೂ ಯುವಿ ಮದ್ದಲ್ಲ, ಎಲೆ ತೆಗೆಯಬೇಕು. ಬೆಳಿಗ್ಗೆಯೂ ಲೋಟದ ನೀರು ಹಸಿರು ಹಸಿರಾಗೇ ಇದ್ದರೆ ಮಾತ್ರ ಅದು ತೇಲುವ ಪಾಚಿ. ಕಣ್ಣಿಗೆ ಒಂದೊಂದಾಗಿ ಕಾಣದ, ಒಂದೇ ಕೋಶದ ಪಾಚಿ.

ಯುವಿ ಲೈಟ್ ಕೆಲಸ ಮಾಡುವುದು ಇದರ ಮೇಲೆ ಮಾತ್ರ. ಪಂಪ್ ನೀರನ್ನು ಎಳೆದು ಒಂದು ಮುಚ್ಚಿದ ಕೊಳವೆಯೊಳಗೆ ತಳ್ಳುತ್ತದೆ. ಅಲ್ಲಿ ಗಾಜಿನ ಕವಚದೊಳಗೆ ಟ್ಯೂಬ್ ಉರಿಯುತ್ತಿರುತ್ತದೆ. ಆ ಬೆಳಕಿನ ತರಂಗದ ಉದ್ದ ಸುಮಾರು 254 ನ್ಯಾನೋಮೀಟರ್. ಅದು ಪಾಚಿಯ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ಪಾಚಿ ಮತ್ತೆ ಮರಿ ಮಾಡಲಾರದು. ಸತ್ತ ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟನ್ನು ಹಿಡಿಯುವುದು ಫಿಲ್ಟರ್ ಕೆಲಸ. ಫಿಲ್ಟರ್ ಇಲ್ಲದೆ ಬರೀ ಯುವಿ ಹಾಕಿದರೆ ಸತ್ತ ಪಾಚಿ ಕೊಳದಲ್ಲೇ ಕೊಳೆತು ಮುಂದಿನ ಪಾಚಿಗೆ ಗೊಬ್ಬರ ಆಗುತ್ತದೆ.

ಕಲ್ಲಿಗೆ, ಗೋಡೆಗೆ ಹತ್ತಿದ ಹಾವಸೆ ಹೋಗುವುದಿಲ್ಲ. ನೂಲಿನಂತೆ ಎಳೆಎಳೆಯಾಗಿ ಬೆಳೆಯುವ ಪಾಚಿಯೂ ಹೋಗುವುದಿಲ್ಲ. ಅವು ಕೊಳವೆಯೊಳಗೆ ಬರುವುದೇ ಇಲ್ಲವಲ್ಲ. ಇನ್ನೂ ಒಂದು ಮಾತು. ನೀರು ತಿಳಿಯಾದ ಮೇಲೆ ಬಿಸಿಲು ತಳ ಮುಟ್ಟುತ್ತದೆ, ಆಗ ಈ ನೂಲು ಪಾಚಿ ಮೊದಲಿಗಿಂತ ಜಾಸ್ತಿ ಬರಬಹುದು. ಅದನ್ನು ಕೋಲಿಗೆ ಸುತ್ತಿ ತೆಗೆಯುವುದೇ ದಾರಿ.

ತಿಳಿ ನೀರು ಅಂದರೆ ಒಳ್ಳೆ ನೀರು ಅಂತಲೂ ಅಲ್ಲ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಬರುವ ಅಮೋನಿಯಾವನ್ನು ಯುವಿ ತೆಗೆಯುವುದಿಲ್ಲ. ಹಸಿರು ಪಾಚಿ ಅದರಲ್ಲಿ ಒಂದಿಷ್ಟು ತಿನ್ನುತ್ತಿತ್ತು. ಪಾಚಿ ಸತ್ತ ಮೇಲೆ ಆ ಪಾಲೂ ನೀರಲ್ಲೇ ಉಳಿಯುತ್ತದೆ. ಅದಕ್ಕೇ ಹೇಳುವುದು, ಫಿಲ್ಟರ್ ಮೊದಲು, ಲೈಟ್ ಆಮೇಲೆ.

ಯಾವುದರಿಂದ ಅಳೆಯಬೇಕು

ಕೊಳದ ಅಳತೆ ಗೊತ್ತಿಲ್ಲದೆ ಅಂಗಡಿಗೆ ಹೋಗಬೇಡಿ. ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳ ಅಂದರೆ ಸುಮಾರು 2,800 ಲೀಟರ್. ಸಾಮಾನ್ಯವಾಗಿ 4,000 ಲೀಟರಿಗೆ 10 ವ್ಯಾಟ್ ಅನ್ನುವುದು ಎಲ್ಲ ಕಡೆ ನಡೆಯುವ ಲೆಕ್ಕ. ನಮ್ಮ ಬಿಸಿಲಿಗೆ, ಅದರಲ್ಲೂ ನೆರಳಿಲ್ಲದ ಕೊಳಕ್ಕೆ, ಲೆಕ್ಕಕ್ಕೆ ಬಂದದ್ದರ ಮುಂದಿನ ಸೈಜ್ ತೆಗೆದುಕೊಳ್ಳಿ. 11 ಸಾಕು ಅನಿಸಿದರೆ 18, 18 ಅನಿಸಿದರೆ 24 ಅಥವಾ 36.

ನೀರು ಎಷ್ಟು ಹರಿಯಬೇಕು ಅನ್ನೋದು ಎರಡನೇ ಲೆಕ್ಕ. ಕೊಳದ ಪೂರ್ತಿ ನೀರು ಎರಡು ಗಂಟೆಗೊಮ್ಮೆಯಾದರೂ ಲೈಟ್ ಮುಂದೆ ಹಾದುಹೋಗಬೇಕು. ಕೊಯಿ (ದೊಡ್ಡದಾಗಿ ಬೆಳೆಯುವ ಬಣ್ಣದ ಮೀನು) ಜಾಸ್ತಿ ಇದ್ದರೆ ಗಂಟೆಗೊಮ್ಮೆ. ಆದರೆ ಲೈಟಿನ ಪೆಟ್ಟಿಗೆ ಮೇಲೆ ಬರೆದ ಮಿತಿಗಿಂತ ಜೋರಾಗಿ ನೀರು ಹರಿಸಿದರೆ ಪಾಚಿಗೆ ಸಾಕಷ್ಟು ಬೆಳಕು ತಾಗುವುದಿಲ್ಲ, ಹಾಗೇ ದಾಟಿ ಹೋಗುತ್ತದೆ. ಪಂಪಿನ ಮೇಲೆ ಬರೆದ ಅಂಕಿಯನ್ನೂ ನಂಬಿ ಕೂರಬೇಡಿ. ಅದು ನೀರನ್ನು ಮೇಲೆ ಏರಿಸದೆ ಇದ್ದಾಗಿನ ಅಂಕಿ. ಕಾರಂಜಿಗೋ ಫಿಲ್ಟರಿಗೋ ನಾಲ್ಕು ಅಡಿ ಏರಿಸಿದರೆ ಬಹಳ ಕಡಿಮೆ ಆಗುತ್ತದೆ. ನೀರು ಬೀಳುವ ಕಡೆ ಬಕೆಟ್ ಹಿಡಿದು ನೋಡಿ. 15 ಲೀಟರಿನ ಬಕೆಟ್ 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,500 ಲೀಟರ್ ಬರುತ್ತಿದೆ ಅಂತ ಅರ್ಥ.

ಮೂರನೆಯದು ನೀರಿನ ಗುಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರು ಹಾಕಿ ಬಿಂದಿಗೆ ಇಟ್ಟರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ ಪೊರೆ ಯುವಿ ಟ್ಯೂಬಿನ ಗಾಜಿನ ಕವಚದ ಮೇಲೂ ಕಟ್ಟುತ್ತದೆ. ಟ್ಯೂಬ್ ಬಿಸಿ ಇರುವುದರಿಂದ ಅಲ್ಲಿ ಇನ್ನೂ ಬೇಗ. ಬೇಸಿಗೆಯಲ್ಲಿ ಒಂದು ತಿಂಗಳು ಬಿಟ್ಟು ಕವಚ ಹೊರಗೆ ತೆಗೆದು ನೋಡಿ. ಗಾಜು ಗಾಜಿನಂತೆ ಇರುವುದಿಲ್ಲ, ಸುಣ್ಣ ಬಳಿದಂತೆ ಮಂಕಾಗಿರುತ್ತದೆ. ಬೆರಳಿಂದ ಸವರಿದರೆ ಮರಳು ಕಾಗದದಂತೆ ತರಿತರಿ. ಉಗುರಿಂದ ಕೆರೆದರೆ ಬರುವುದಿಲ್ಲ. ಅರ್ಧ ನಿಂಬೆಹಣ್ಣು ಹಿಂಡಿ ಬಟ್ಟೆಗೆ ಹಚ್ಚಿಕೊಂಡು ಒರೆಸಿದರೆ ಸಣ್ಣ ಸಣ್ಣ ಗುಳ್ಳೆ ಎದ್ದು ಪೊರೆ ಕರಗುತ್ತದೆ, ಹಿಂದಿನ ತಿಳಿಯಾದ ಗಾಜು ಮತ್ತೆ ಕಾಣುತ್ತದೆ. ವಿನೆಗರ್ ಇದ್ದರೂ ಆಗುತ್ತದೆ. ಆ ಪೊರೆ ಇದ್ದಷ್ಟು ದಿನ ಟ್ಯೂಬ್ ಉರಿಯುತ್ತಲೇ ಇತ್ತು, ಕರೆಂಟ್ ತಿನ್ನುತ್ತಲೇ ಇತ್ತು, ಬೆಳಕು ಮಾತ್ರ ನೀರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. "ಯುವಿ ಹಾಕಿದರೂ ಹಸಿರು ಹೋಗಲಿಲ್ಲ" ಅಂತ ಹೇಳುವವರಲ್ಲಿ ನಾನು ನೋಡಿದ ಹೆಚ್ಚಿನವರ ಕಥೆ ಇದೇ. ಹಾಗಾಗಿ ಕೊಳ್ಳುವಾಗಲೇ ಅಂಗಡಿಯವರ ಎದುರು ಕವಚ ಬಿಚ್ಚಿ ತೋರಿಸಿ ಅನ್ನಿ. ಕೈಯಿಂದ ತಿರುಗಿಸಿದರೆ ಬರಬೇಕು. ರಬ್ಬರ್ ರಿಂಗ್ ಬೇರೆ ಸಿಗಬೇಕು. ಟ್ಯೂಬ್ ಬೇರೆ ಸಿಗಬೇಕು.

ಬೆಳಗಾವಿಯವರಿಗೆ ಈ ತೊಂದರೆ ಕಡಿಮೆ. ರಕ್ಕಸಕೊಪ್ಪದ ನೀರು, ಹಿಡಕಲ್ ನೀರು ನಲ್ಲಿಯಲ್ಲಿ ಬರುವವರ ಗಾಜು ಇಷ್ಟು ಬೇಗ ಮಂಕಾಗುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಬ್ಯಾರಲ್‌ನಲ್ಲಿ ಇಟ್ಟು ಆಮೇಲೆ ಕೊಳಕ್ಕೆ ಹಾಕಿದರೆ ಸಾಕು.

ನಾಲ್ಕನೆಯದು ಕರೆಂಟ್. ಯುವಿ ಮತ್ತು ಪಂಪ್ ಎರಡೂ ಹಗಲು ರಾತ್ರಿ ನಡೆಯಬೇಕು. 11 ವ್ಯಾಟಿನ ಲೈಟ್ ತಿಂಗಳಿಗೆ ಸುಮಾರು 8 ಯೂನಿಟ್, 18 ವ್ಯಾಟಿನದು 13 ಯೂನಿಟ್, 36 ವ್ಯಾಟಿನದು 26 ಯೂನಿಟ್. ಜೊತೆಗೆ 30 ವ್ಯಾಟಿನ ಪಂಪ್ ಅಂದರೆ ಇನ್ನೂ 21-22 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿ ಇದ್ದವರು ಇದನ್ನು ಗಮನಿಸಲೇಬೇಕು. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮಗೆ ಮಿತಿ ಇಟ್ಟಿರುತ್ತಾರೆ. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. 180ರ ಹತ್ತಿರ ಇರುವ ಮನೆ, ಕೊಳದ ಪಂಪ್ ಮತ್ತು ಲೈಟಿನಿಂದಲೇ 200 ದಾಟಿಬಿಡಬಹುದು. ಬೇಸಿಗೆಯಲ್ಲಿ ಕೂಲರ್ ಬೇರೆ ಓಡುತ್ತಿರುತ್ತದೆ.

ಲೈಟ್ ಇಲ್ಲದೆ ಆಗುತ್ತದೆಯೇ?

ಎಷ್ಟೋ ಕೊಳಗಳಿಗೆ ಆಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಮೊದಲ ಆಯ್ಕೆಯಾಗಿ ಇಡುತ್ತಿದ್ದೇನೆ.

ಪಾಚಿಗೆ ಬೇಕಾದದ್ದು ಬಿಸಿಲು ಮತ್ತು ಗೊಬ್ಬರ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ವಿಜಯಪುರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ತಂದಿದ್ದರು. ಬಿಸಿಲೇ ತಾಗದ ಅಂಥ ನೀರಿನಲ್ಲಿ ಹಸಿರು ಪಾಚಿ ಹುಟ್ಟುವುದಿಲ್ಲ. ನಾವು ಅಂಗಳದ ಕೊಳವನ್ನು ನೆಲದೊಳಗೆ ಹಾಕಲಾರೆವು, ಆದರೆ ಅರ್ಧಕ್ಕಿಂತ ಜಾಸ್ತಿ ಮೇಲ್ಮೈಗೆ ನೆರಳು ಕೊಡಬಹುದು. ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಶೇಡ್ ನೆಟ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಶೇ 50 ನೆರಳಿನದು ಸಾಕು. ನಾಲ್ಕು ಪೈಪ್ ನಿಲ್ಲಿಸಿ ಮಧ್ಯಾಹ್ನದ ಬಿಸಿಲು ಬರುವ ಕಡೆ ಕಟ್ಟಿ. ನೀರಲ್ಲಿ ನೈದಿಲೆ ಬೆಳೆಸಿ. ಎಲೆ ನೆರಳು ಕೊಡುತ್ತದೆ, ಬೇರು ಗೊಬ್ಬರ ಹೀರುತ್ತದೆ. ಅಂತರಗಂಗೆಯೂ ಬಹಳ ಚೆನ್ನಾಗಿ ಹೀರುತ್ತದೆ, ಆದರೆ ವಾರಕ್ಕೊಮ್ಮೆ ಹೆಚ್ಚಾದದ್ದನ್ನು ತೆಗೆಯಬೇಕು, ತೆಗೆದದ್ದನ್ನು ಹಳ್ಳ, ಕೆರೆಗೆ ಎಸೆಯಬಾರದು. ಗಿಡದ ಬುಡಕ್ಕೆ ಹಾಕಿ.

ಮೀನಿಗೆ ಆಹಾರ ಕಡಿಮೆ ಮಾಡಿ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಮನೆಗೆ ಬಂದ ಮಕ್ಕಳೆಲ್ಲ ಬ್ರೆಡ್, ಮಂಡಕ್ಕಿ ಹಾಕುವುದನ್ನು ನಿಲ್ಲಿಸಿ. ಅರ್ಧ ಹಸಿರು ಅಲ್ಲೇ ಇಳಿಯುತ್ತದೆ.

ಈ ದಾರಿಯ ಖರ್ಚು ಬಹಳ ಕಡಿಮೆ, ನೆರಳಿನಿಂದ ನೀರೂ ತಂಪಾಗಿರುತ್ತದೆ. 40 ಡಿಗ್ರಿ ದಾಟುವ ಊರಲ್ಲಿ ಮೀನಿಗೆ ಅದೇ ದೊಡ್ಡ ಉಪಕಾರ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಉಳಿಯುತ್ತದೆ. ಹಸಿರು ಪಾಚಿ ರಾತ್ರಿ ಇರುವ ಆಮ್ಲಜನಕವನ್ನೂ ಬಳಸಿಕೊಳ್ಳುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಅದಕ್ಕೇ. ಕೊರತೆ ಏನೆಂದರೆ ಸಮಯ. ಗಿಡ ಕೂತು ಬೆಳೆಯಲು ಒಂದೆರಡು ತಿಂಗಳು ಬೇಕು. ಮತ್ತೆ ದೊಡ್ಡ ಕೊಯಿಗಳು ಗಿಡವನ್ನು ಕಿತ್ತು ತಿನ್ನುತ್ತವೆ. ಗೋಲ್ಡ್‌ಫಿಶ್, ಗಪ್ಪಿ ಇರುವ ಕೊಳಕ್ಕೆ ಇದು ಸರಿಯಾಗುತ್ತದೆ. ಹತ್ತಾರು ಕೊಯಿ ಇರುವ ಕೊಳಕ್ಕೆ ಇದೊಂದೇ ಸಾಲದು.

ಮುಳುಗಿಸುವ ಯುವಿ

ಪಂಪ್, ಸ್ಪಂಜು, ಯುವಿ ಟ್ಯೂಬ್ ಮೂರೂ ಒಂದೇ ಡಬ್ಬಿಯಲ್ಲಿ. ನೀರಲ್ಲಿ ಇಟ್ಟು ಪ್ಲಗ್ ಹಾಕಿದರೆ ಆಯಿತು. ಸಾಮಾನ್ಯವಾಗಿ 5ರಿಂದ 13 ವ್ಯಾಟಿನೊಳಗೆ ಬರುತ್ತವೆ. ಬೆಲೆ ಒಂದೂವರೆ ಸಾವಿರದಿಂದ ಮೂರು ಸಾವಿರದ ಆಸುಪಾಸು.

ಸಿಮೆಂಟ್ ತೊಟ್ಟಿ, ದೊಡ್ಡ ಟಬ್, ಹೆಚ್ಚೆಂದರೆ ಸಾವಿರ ಲೀಟರಿನ ಕೊಳ ಇದ್ದವರಿಗೆ, ಬಾಡಿಗೆ ಮನೆಯವರಿಗೆ ಇದು ಅನುಕೂಲ. ಪೈಪ್ ಹಾಕುವ ಗೋಜಿಲ್ಲ, ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದು.

ತೊಂದರೆ ಇರುವುದು ತೊಳೆಯುವಲ್ಲಿ. ಸ್ಪಂಜು ಸಣ್ಣದು, ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ ಕೈ ತೋಳಿನವರೆಗೆ ನೀರಲ್ಲಿ ಹಾಕಿ ಎತ್ತಬೇಕು. ಅಗ್ಗದ ಕೆಲವು ಮಾದರಿಗಳಲ್ಲಿ ಗಾಜಿನ ಕವಚ ಬಿಚ್ಚಲು ಬರುವುದೇ ಇಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಟ್ಯೂಬ್ ಹೋದರೆ ಪೂರ್ತಿ ಬಿಸಾಡಬೇಕು. ಸವಳು ನೀರಿನವರು ಅಂಥದ್ದನ್ನು ತರಲೇಬೇಡಿ, ಎಷ್ಟೇ ಅಗ್ಗವಾಗಿದ್ದರೂ. ಇನ್ನೊಂದು, ಇದು ಕರೆಂಟಿನ ವಸ್ತು, ನೀರೊಳಗೇ ಇರುತ್ತದೆ. ರಬ್ಬರ್ ಹಳತಾಗಿ ನೀರು ಒಳಗೆ ಹೋದರೆ ಅಪಾಯ. ಎತ್ತುವ ಮೊದಲು ಪ್ಲಗ್ ತೆಗೆದೇ ಕೈ ಹಾಕಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಾನು ಇದನ್ನು ಹೇಳುವುದಿಲ್ಲ.

ಹೊರಗೆ ಕೂರಿಸುವ ಯುವಿ

ಕೊಳದ ಪಕ್ಕ ನೆರಳಿನಲ್ಲಿ ಒಂದು ಮುಚ್ಚಿದ ಕೊಳವೆ. ಪಂಪಿನಿಂದ ಬರುವ ಪೈಪ್ ಒಂದು ಕಡೆ ಸೇರುತ್ತದೆ, ಇನ್ನೊಂದು ಕಡೆಯಿಂದ ನೀರು ಫಿಲ್ಟರಿಗೆ ಹೋಗುತ್ತದೆ. ಸತ್ತ ಪಾಚಿಯ ಗಂಟು ಹಿಡಿಯಬೇಕಾದ್ದರಿಂದ ಲೈಟ್ ಫಿಲ್ಟರಿಗಿಂತ ಮೊದಲು ಬರಲಿ ಅನ್ನುವವರಿದ್ದಾರೆ. ಫಿಲ್ಟರಿನ ಆಮೇಲೆ ಇಟ್ಟರೆ ಗಾಜಿನ ಮೇಲೆ ಕಸ ಕೂರುವುದು ಕಡಿಮೆ. ಎರಡೂ ನಡೆಯುತ್ತದೆ, ನೀರು ತಿರುಗಿ ತಿರುಗಿ ಬರುತ್ತಲೇ ಇರುತ್ತದಲ್ಲ. 18, 24, 36, 55 ವ್ಯಾಟ್ ಹೀಗೆ ಸಿಗುತ್ತವೆ. ನಾಲ್ಕೈದು ಸಾವಿರದಿಂದ ಮೇಲಕ್ಕೆ.

ವಿಜಯಪುರ, ಬಾಗಲಕೋಟೆಯ ಬೋರ್ ನೀರಿನ ಕೊಳಕ್ಕೆ ನನ್ನ ಮತ ಇದಕ್ಕೇ. ನಿಂತಲ್ಲೇ, ಕೈ ಒದ್ದೆ ಮಾಡಿಕೊಳ್ಳದೆ ಬಿಚ್ಚಬಹುದು. ಎರಡೂ ಕಡೆ ಒಂದೊಂದು ವಾಲ್ವ್ ಹಾಕಿಸಿಕೊಂಡರೆ ನೀರು ನಿಲ್ಲಿಸಿ, ಕವಚ ಎಳೆದು, ನಿಂಬೆ ರಸದಲ್ಲಿ ಒರೆಸಿ ಮತ್ತೆ ಕೂರಿಸಲು ಸ್ವಲ್ಪ ಹೊತ್ತು ಸಾಕು. ಪ್ಲಂಬರ್ ಆ ವಾಲ್ವ್ ಬೇಡ ಅಂದರೂ ಬಿಡಬೇಡಿ. ಈಗಾಗಲೇ ಪಂಪ್, ಫಿಲ್ಟರ್ ಇದ್ದವರು ಅದನ್ನೇ ಉಳಿಸಿಕೊಂಡು ಇದೊಂದನ್ನು ಸೇರಿಸಬಹುದು. ಟ್ಯೂಬ್ ಹೋದರೆ ಟ್ಯೂಬ್, ಪಂಪ್ ಹೋದರೆ ಪಂಪ್, ಒಂದಕ್ಕಾಗಿ ಎಲ್ಲ ಬದಲಿಸಬೇಕಿಲ್ಲ.

ಕೊರತೆ ಇಲ್ಲ ಅಂತಲ್ಲ. ಪೈಪ್ ಕೆಲಸ ಆಗಬೇಕು, ಜಾಯಿಂಟ್ ಸೋರಬಹುದು. ನೇರ ಬಿಸಿಲು, ಮಳೆ ತಾಗದಂತೆ ಒಂದು ಮುಚ್ಚಿಗೆ ಬೇಕು. ಅಲ್ಲದೆ ಪಂಪ್ ನಿಂತು ನೀರು ಹರಿಯದಿದ್ದಾಗ ಲೈಟ್ ಉರಿಯುತ್ತಾ ಇರಬಾರದು, ಒಳಗೆ ಬಿಸಿಯಾಗುತ್ತದೆ. ಪಂಪ್ ಆರಿದರೆ ಲೈಟೂ ಆರುವಂತೆ ವೈರಿಂಗ್ ಮಾಡಿಸಿ, ಲೈಟನ್ನು ಮಾತ್ರ ಆರಿಸಲು ಬೇರೆ ಸ್ವಿಚ್ಚೂ ಇರಲಿ.

ಯುವಿ ಒಳಗೇ ಇರುವ ಪ್ರೆಷರ್ ಫಿಲ್ಟರ್

ಡ್ರಮ್ಮಿನಂಥ ಡಬ್ಬಿ, ಒಳಗೆ ಸ್ಪಂಜು ಮತ್ತು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರಲು ಪ್ಲಾಸ್ಟಿಕ್ ಬಿಲ್ಲೆಗಳು, ನಡುವೆ ಯುವಿ. ಮೇಲಿನ ಹಿಡಿಕೆ ತಿರುಗಿಸಿದರೆ ಕೊಳೆ ನೀರು ಬೇರೆ ಪೈಪಿನಿಂದ ಹೊರಗೆ ಹೋಗುತ್ತದೆ. ಆ ನೀರನ್ನು ಗಿಡಗಳಿಗೆ ಬಿಡಬಹುದು, ಒಳ್ಳೆ ಗೊಬ್ಬರ. ಬೆಲೆ ಹತ್ತು ಸಾವಿರ ದಾಟುತ್ತದೆ, ದೊಡ್ಡದಕ್ಕೆ ಇನ್ನೂ ಜಾಸ್ತಿ. ನೋಡಲು ಅಚ್ಚುಕಟ್ಟು, ನೆಲದಲ್ಲಿ ಅರ್ಧ ಹೂತಿಡಬಹುದು, ಕಾರಂಜಿಗೋ ಸಣ್ಣ ಜಲಪಾತಕ್ಕೋ ನೀರು ಎತ್ತರಕ್ಕೂ ತಳ್ಳುತ್ತದೆ.

ಹೊಸದಾಗಿ ಕೊಳ ಕಟ್ಟಿಸುವವರು, ಫಿಲ್ಟರ್ ಇನ್ನೂ ಇಲ್ಲದವರು, ಕೊಯಿ ಸಾಕುವವರು ಇದನ್ನು ನೋಡಬಹುದು. ಬೇರೆ ಬೇರೆ ತಂದು ಜೋಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಆದರೆ ನಮ್ಮ ಊರಿನ ಕರೆಂಟಿಗೆ ಇದರ ಒಂದು ಗುಣ ಹೊಂದುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ನೀರು ನಿಂತರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ, ಸಾಯಲು ಶುರುವಾಗುತ್ತವೆ. ನೀರು ಕೊಳೆತು ನಾರುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರು ಸೀದಾ ಮೀನಿನ ಮೇಲೆ ಹೋಗುತ್ತದೆ. ಹಾಗಾಗಿ ಗಾಳಿ ಮಳೆಗೆ ಲೈನ್ ಹೋಗಿ ಅರ್ಧ ದಿನ ಕರೆಂಟ್ ಇಲ್ಲದಿದ್ದರೆ, ಬಂದ ಮೇಲೆ ಮೊದಲ ನೀರನ್ನು ಕೊಳೆ ಪೈಪಿನಿಂದ ಹೊರಗೆ ಬಿಟ್ಟು ಆಮೇಲೆ ಕೊಳಕ್ಕೆ ತಿರುಗಿಸಿ. ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಕೊಡಿಸಿ. ಯುವಿ ಲೈಟ್ ನಾಲ್ಕು ಗಂಟೆ ಆರಿದರೆ ಏನೂ ಆಗುವುದಿಲ್ಲ. ನೀರಿನ ಓಡಾಟ, ಗಾಳಿ ನಿಂತರೆ ಆಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇಲ್ಲ, ಹಗಲೆಲ್ಲ ಯಾರೂ ಇರುವುದಿಲ್ಲ ಅನ್ನುವವರು ತೆರೆದ ಡ್ರಮ್ ಫಿಲ್ಟರ್ ಜೊತೆ ಹೊರಗಿನ ಯುವಿ ಹಾಕಿಕೊಳ್ಳುವುದು ಲೇಸು.

ಬೇಡವೆನ್ನುವ ದಾರಿಗಳು

ಹಳೆಯ ವಾಟರ್ ಪ್ಯೂರಿಫೈಯರಿನ ಯುವಿ ಡಬ್ಬಿ ಮನೆಯಲ್ಲಿದೆ, ಅದನ್ನೇ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಟ್ಯೂಬಿನ ಬೆಳಕು ಅದೇ ಬಗೆಯದು. ಆದರೆ ಆ ಡಬ್ಬಿಯ ಸಣ್ಣ ಪೈಪಿನಲ್ಲಿ ನಿಮಿಷಕ್ಕೆ ಒಂದೆರಡು ಲೀಟರ್ ಹೋದರೆ ಹೆಚ್ಚು. ಗಂಟೆಗೆ ನೂರು ಲೀಟರ್ ಚಿಲ್ಲರೆ. ನೂರಿನ್ನೂರು ಲೀಟರಿನ ಟಬ್ಬಿಗೆ ಪ್ರಯೋಗ ಮಾಡಬಹುದು, ಕೊಳಕ್ಕೆ ಸಾಲದು.

ಕೊರೊನಾ ಕಾಲದಲ್ಲಿ ತಂದ ಯುವಿ ಟ್ಯೂಬನ್ನು ಕೊಳದ ಮೇಲೆ ನೇತುಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಆ ಬೆಳಕು ಹಸಿರು ನೀರಿನಲ್ಲಿ ಸ್ವಲ್ಪ ಆಳಕ್ಕೂ ಇಳಿಯುವುದಿಲ್ಲ. ಆದರೆ ನಿಮ್ಮ ಕಣ್ಣನ್ನು, ಚರ್ಮವನ್ನು ಸುಡುತ್ತದೆ. ಯುವಿ ಟ್ಯೂಬ್ ಉರಿಯುವಾಗ ಬರಿಗಣ್ಣಿಂದ ನೋಡಲೇಬಾರದು, ಪರೀಕ್ಷೆ ಮಾಡಲಿಕ್ಕೂ ಹೊರಗೆ ತೆಗೆದು ಹಚ್ಚಬಾರದು. ಒಳ್ಳೆಯ ಮಾದರಿಗಳಲ್ಲಿ ನೀಲಿ ಬೆಳಕು ಕಾಣುವ ಸಣ್ಣ ಕಿಂಡಿ ಇರುತ್ತದೆ, ಅಲ್ಲಿ ನೋಡಿದರೆ ಸಾಕು. ಪಿವಿಸಿ ಪೈಪಿನೊಳಗೆ ಬರೀ ಟ್ಯೂಬ್ ಕೂರಿಸಿ ಮನೆಯಲ್ಲೇ ತಯಾರಿಸುವುದೂ ಬೇಡ. ಈ ಬೆಳಕಿಗೆ ಪಿವಿಸಿ ಬರಬರುತ್ತಾ ಪೆಡಸಾಗಿ ಬಿರುಕು ಬಿಡುತ್ತದೆ. ಅಕ್ವೇರಿಯಮ್ಮಿಗೆ ಮಾರುವ ನೀಲಿ ಬಣ್ಣದ ಅಲಂಕಾರದ ಲೈಟ್, ಸೊಳ್ಳೆ ಕೊಲ್ಲುವ ಯಂತ್ರದ ನೇರಳೆ ಲೈಟ್ ಇವೆಲ್ಲ ಬೇರೆ. ಪೆಟ್ಟಿಗೆ ಮೇಲೆ ಯುವಿ-ಸಿ ಅಂತಲೋ 254 ಅಂತಲೋ ಇರಬೇಕು.

ಮೈಲುತುತ್ತದ ಮಾತು ಹೇಳಲೇಬೇಕು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟ ಇರುವ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಕೈಗೆಟುಕುವಂತೆ ಇರುತ್ತದೆ. ಪಾಚಿ ಸಾಯುತ್ತದೆ ಅಂತ ಒಂದು ಹಿಡಿ ಹಾಕಿಬಿಡುತ್ತಾರೆ. ಪಾಚಿ ಸಾಯುತ್ತದೆ ನಿಜ. ಅದರಲ್ಲಿರುವ ತಾಮ್ರ ಮೀನಿಗೂ ವಿಷ, ಬಸವನಹುಳಕ್ಕಂತೂ ಬಹಳ ಬೇಗ. ಉಳಿದ ಮೀನಿಗೂ ಕಷ್ಟವೇ, ಪಾಚಿ ಒಮ್ಮೆಲೇ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಸಂಜೆ ಹಾಕಿದರೆ ಬೆಳಿಗ್ಗೆ ಮೀನು ತೇಲಬಹುದು. ಯುವಿಯಲ್ಲಿ ಪಾಚಿ ಸಾಯುವುದು ನಿಧಾನ, ಅದೇ ಅದರ ಒಳ್ಳೆಯ ಗುಣ. ಆದರೂ ಮೊದಲ ವಾರ ಏರ್ ಪಂಪ್ ಓಡಿಸುತ್ತಿರಿ.

ನಿಮ್ಮ ಕೊಳಕ್ಕೆ ಯಾವುದು

500 ಲೀಟರಿನ ತೊಟ್ಟಿ, ನಾಲ್ಕಾರು ಗಪ್ಪಿ ಅಥವಾ ಗೋಲ್ಡ್‌ಫಿಶ್ ಇದ್ದರೆ ಯುವಿಗೆ ದುಡ್ಡು ಹಾಕಬೇಡಿ. ಶೇಡ್ ನೆಟ್, ಎರಡು ಕುಂಡ ನೈದಿಲೆ, ಕಡಿಮೆ ಆಹಾರ. ಎರಡು ತಿಂಗಳು ಕಾದರೂ ಹಸಿರು ಇಳಿಯದಿದ್ದರೆ ಆಗ ಬಿಚ್ಚಲು ಬರುವ ಮುಳುಗಿಸುವ ಯುವಿ ತನ್ನಿ.

ಮೇಲೆ ಹೇಳಿದ 2,800 ಲೀಟರಿನ ಕೊಳ, ಬೋರ್ ನೀರು, ವಿಜಯಪುರದ ಬಯಲು ಬಿಸಿಲು ಅಂದರೆ 18 ವ್ಯಾಟಿನ ಹೊರಗಿನ ಯುವಿ, ಗಂಟೆಗೆ 1,500 ಲೀಟರ್ ನಿಜವಾಗಿ ಬರುವ ಪಂಪ್, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿದ ತೆರೆದ ಫಿಲ್ಟರ್. ನೆರಳೂ ಕಟ್ಟಿ. ಇದೇ ಕೊಳ ಬೆಳಗಾವಿಯಲ್ಲಿ ಮಾವಿನ ಮರದ ಕೆಳಗಿದ್ದರೆ 11 ವ್ಯಾಟ್ ಸಾಕು. ಬೆಳಗಾವಿಯಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡ ಕವಿದಿರುತ್ತದೆ, ಪಾಚಿಗೆ ಬಿಸಿಲು ಸಿಗುವುದಿಲ್ಲ. ಆಗ ಲೈಟ್ ಆರಿಸಿಟ್ಟರೆ ಕರೆಂಟೂ ಉಳಿಯುತ್ತದೆ, ಒಂದೇ ಟ್ಯೂಬ್ ಎರಡು ಬೇಸಿಗೆ ಬರುತ್ತದೆ.

ಆರೇಳು ಸಾವಿರ ಲೀಟರ್, ದೊಡ್ಡ ಕೊಯಿಗಳು, ಇನ್ವರ್ಟರ್ ಇದೆ, ಬಜೆಟ್ಟೂ ಇದೆ ಅನ್ನುವವರು 36 ವ್ಯಾಟಿನ ಪ್ರೆಷರ್ ಫಿಲ್ಟರ್ ತರಬಹುದು. ಬಜೆಟ್ ಕಡಿಮೆ ಇದ್ದರೆ ಮೊದಲು ಒಳ್ಳೆಯ ಫಿಲ್ಟರ್, ಮುಂದಿನ ವರ್ಷ ಯುವಿ. ಅದನ್ನು ತಿರುಗಾಮುರುಗಾ ಮಾಡಬೇಡಿ.

ಹೊಲದ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವರಿಗೆ ಯುವಿ ಬೇಕಾಗಿಯೇ ಇಲ್ಲ. ಲಕ್ಷಗಟ್ಟಲೆ ಲೀಟರ್ ನೀರಿಗೆ ಈ ಲೈಟ್ ಯಾವ ಮೂಲೆಗೂ ಸಾಲದು. ಅಲ್ಲಿ ತೆಳು ಹಸಿರು ನೀರು ಮೀನಿಗೆ ಮೇವಿನ ಮೂಲ.

ತಂದ ಮೇಲೆ

ಇಲೆಕ್ಟ್ರಿಷಿಯನ್ ಕರೆಸಿ ಕೊಳದ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಹಾಕಿಸಿ. ಯುವಿಯ ಬೆಲೆಯಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

ಫಿಲ್ಟರ್ ಹೊಸದಾಗಿದ್ದರೆ ಮೊದಲ ಕೆಲವು ವಾರ ಯುವಿ ಹಚ್ಚದೆ ಬಿಡಿ, ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆ ಊರಲಿ. ಒಮ್ಮೆ ಅಂಟಿ ಕೂತವಕ್ಕೆ ಯುವಿಯಿಂದ ತೊಂದರೆ ಇಲ್ಲ. ಹಚ್ಚಿದ ಮೇಲೆ ಒಂದರಿಂದ ಎರಡು ವಾರದಲ್ಲಿ ಬದಲಾವಣೆ ಕಾಣಬೇಕು. ಕಾಣದಿದ್ದರೆ ಗಾಜು, ನೀರಿನ ಹರಿವು, ವ್ಯಾಟ್ ಇದೇ ಕ್ರಮದಲ್ಲಿ ನೋಡಿ. ಆ ದಿನಗಳಲ್ಲಿ ಸ್ಪಂಜು ಬೇಗ ಬೇಗ ಕಟ್ಟುತ್ತದೆ, ಅದು ಒಳ್ಳೆಯ ಲಕ್ಷಣ. ಕೊಳದ ನೀರಲ್ಲೇ ಹಿಂಡಿ ತೊಳೆಯಿರಿ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಮೀನಿಗೆ ಔಷಧಿ ಹಾಕಿದ ದಿನಗಳಲ್ಲಿ ಯುವಿ ಆರಿಸಿ, ಕೆಲವು ಔಷಧಿಗಳು ಆ ಬೆಳಕಿಗೆ ಒಡೆದು ಹೋಗುತ್ತವೆ.

ಟ್ಯೂಬಿನ ಆಯುಷ್ಯ 8ರಿಂದ 9 ಸಾವಿರ ಗಂಟೆ, ಹಗಲು ರಾತ್ರಿ ಉರಿದರೆ ಸರಿಸುಮಾರು ಒಂದು ವರ್ಷ. ಆಮೇಲೂ ನೀಲಿಯಾಗಿ ಉರಿಯುತ್ತದೆ, ಪಾಚಿ ಕೊಲ್ಲುವ ಶಕ್ತಿ ಮಾತ್ರ ಇಳಿದಿರುತ್ತದೆ. ಹಾಕಿದ ತಾರೀಖನ್ನು ಪೆನ್ನಿನಿಂದ ಟೇಪಿನ ಮೇಲೆ ಬರೆದು ಡಬ್ಬಿಗೆ ಅಂಟಿಸಿ. ವಿಜಯಪುರ, ಬಾಗಲಕೋಟೆಯವರು ಶಿವರಾತ್ರಿಯ ಹೊತ್ತಿಗೆ ಹೊಸ ಟ್ಯೂಬ್ ಹಾಕಿದರೆ ಬಿರುಬೇಸಿಗೆಗೆ ಪೂರ್ತಿ ಶಕ್ತಿ ಇರುತ್ತದೆ. ಹಳೆಯ ಟ್ಯೂಬಿನೊಳಗೆ ಪಾದರಸ ಇರುತ್ತದೆ. ಅದನ್ನು ಒಡೆಯದೆ, ಹೊಸದರ ರಟ್ಟಿನ ಪೆಟ್ಟಿಗೆಯಲ್ಲೇ ಹಾಕಿ, ಕಸದ ಗಾಡಿಯವರಿಗೆ ಬೇರೆಯಾಗಿ, ಏನಿದೆ ಅಂತ ಹೇಳಿ ಕೊಡಿ.